ಒಂದಕ್ಕ ಹೋಗ್ಲೇನ್ರೀ ಟೀಚರ್?

ಕುಷ್ಟಗಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಹೆಸರು ಆಮೇಲೆ ಕೇಳುತ್ತಾರೆ. ತಂಬಿಗೆ ತುಂಬ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಾನು ಅಲ್ಲಿಗೆ ಹೋದಾಗ ಅದಿನ್ನೂ ರಾಯಚೂರು ಜಿಲ್ಲೆಗೆ ಸೇರಿತ್ತು. ಕುಷ್ಟಗಿ ಈಗ ಸೇರಿರುವ ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಸನದ ಕಡೆಯಿಂದ ಬಂದವಳಿಗೆ ಅಲ್ಲಿನ ಬಿಸಿಲೂ ಹೊಸದು, ಮಾತೂ ಹೊಸದು. ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡಲೆಂದು ಓಣಿ ಓಣಿ ಸುತ್ತುವಾಗ ಪ್ರತಿ ಕಟ್ಟೆಯ ಮೇಲೂ ತಂಬಿಗೆ ಬರುತ್ತಿತ್ತು. ತರುತ್ತಿದ್ದವರು ಹೆಚ್ಚಾಗಿ ನಮ್ಮ ಶಾಲೆಯ ಹುಡುಗಿಯರೇ. ‘ಕುಡೀರಿ ಟೀಚರ್, ಬಿಸ್ಲಾಗ ಬಂದೀರಿ’ ಎಂದು ದೊಡ್ಡ ಹೆಂಗಸರ ಗತ್ತಿನಲ್ಲಿ ಒತ್ತಾಯ ಮಾಡುತ್ತಿದ್ದರು.

ಅದೇ ಹುಡುಗಿಯರು ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಗಂಟೆ ಹೊಡೆಯುವವರೆಗೆ ಒಂದು ಗುಟುಕು ನೀರೂ ಇಲ್ಲದೆ ಕೂತಿರುತ್ತಿದ್ದರು.

ಮಕ್ಕಳಿಗೆ ನೀರು ಕುಡಿಸುವುದೆಂದರೆ ಬುದ್ಧಿ ಹೇಳುವ ಕೆಲಸವೆಂದು ಈಗಲೂ ಬಹಳ ಜನ ತಿಳಿದಿದ್ದಾರೆ. ಗೋಡೆಗೆ ಒಂದು ಘೋಷವಾಕ್ಯ ಬರೆಸುವುದು, ಪ್ರಾರ್ಥನೆ ಮುಗಿದ ಮೇಲೆ ನಾಲ್ಕು ಮಾತು ಆಡುವುದು, ವಿಜ್ಞಾನದ ಪಾಠದಲ್ಲಿ ನಮ್ಮ ದೇಹದ ಮುಕ್ಕಾಲು ಪಾಲು ನೀರೇ ಎಂದು ಬರೆಸುವುದು. ನಾನು ಕಂಡಂತೆ, ನೀರಿನ ಬೆಲೆ ತಿಳಿಯದ ಮಗು ಆ ಸೀಮೆಯಲ್ಲಿ ಒಂದೂ ಇರಲಿಲ್ಲ. ನಸುಕಿಗೇ ಎದ್ದು ಕೈಪಂಪಿನ ಮುಂದೆ ಕೊಡ ಸಾಲಿಗಿಟ್ಟು, ತಲೆಯ ಮೇಲೊಂದು ಸೊಂಟದ ಮೇಲೊಂದು ಹೊತ್ತು ಮನೆಗೆ ಮುಟ್ಟಿಸಿ, ಆಮೇಲೆ ಶಾಲೆಗೆ ಬಂದವಳಿಗೆ ನೀರಿನ ಮಹತ್ವ ಹೇಳಲು ನಾನು ಯಾರು? ಅವರು ಕುಡಿಯದಿರುವುದಕ್ಕೆ ಬೇರೆ ಕಾರಣಗಳಿದ್ದವು. ಒಂದೊಂದಾಗಿ ಅವು ಕಣ್ಣಿಗೆ ಬೀಳುತ್ತ ಹೋದಂತೆ ಅವೆಲ್ಲವೂ ದೊಡ್ಡವರು ಕಟ್ಟಿಟ್ಟ ಕಾರಣಗಳೇ ಎಂದು ತಿಳಿಯಿತು.

ಮೊದಲು ಕಂಡದ್ದು ಹರವಿ. ಮುಖ್ಯ ಗುರುಗಳ ಕೋಣೆಯ ಬಾಗಿಲ ಪಕ್ಕ, ಮರಳಿನ ಗುಡ್ಡೆಯ ಮೇಲೆ ಕೂರಿಸಿದ ದೊಡ್ಡ ಮಣ್ಣಿನ ಹರವಿ, ಬಾಯಿಗೆ ತಟ್ಟೆ, ತಟ್ಟೆಯ ಮೇಲೊಂದು ಅಲ್ಯೂಮಿನಿಯಂ ಲೋಟ. ದಿನವೂ ದೊಡ್ಡ ತರಗತಿಯ ಇಬ್ಬರು ಊರ ಮುಂದಿನ ಬೋರಿಂಗಿನಿಂದ ನೀರು ತಂದು ತುಂಬುತ್ತಿದ್ದರು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲೆಲ್ಲ ಇದ್ದದ್ದು ಇಂಡಿಯಾ ಮಾರ್ಕ್ 2 ಕೈಪಂಪು. ಅದರ ಉದ್ದ ಹಿಡಿ ಮೇಲೆದ್ದಾಗ ಎರಡನೇ ತರಗತಿಯ ಮಗು ಅದಕ್ಕೇ ಜೋತುಬೀಳಬೇಕು. ಒಬ್ಬಳೇ ಪಂಪು ಹೊಡೆದು, ತಾನೇ ಬೊಗಸೆ ಒಡ್ಡಿ ಕುಡಿಯುವುದು ಆಗದ ಮಾತು. ಹೀಗಾಗಿ ಶಾಲೆಯ ಸಮಯದಲ್ಲಿ ನೀರೆಂದರೆ ಆ ಹರವಿಯೊಂದೇ.

ಹರವಿಯಿಂದ ಲೋಟದಲ್ಲಿ ನೀರು ತೆಗೆಯುವ ಕೈಗಳು ಯಾವಾಗಲೂ ಅವೇ ಆಗಿದ್ದವು. ಉಳಿದ ಕೆಲವು ಮಕ್ಕಳು ಎರಡು ಹೆಜ್ಜೆ ದೂರ ನಿಂತು ಬೊಗಸೆ ಒಡ್ಡುತ್ತಿದ್ದರು, ಯಾರಾದರೂ ಮೇಲಿಂದ ಸುರಿದರೆ ಕುಡಿಯುತ್ತಿದ್ದರು. ಸುರಿಯುವವರು ಆಟದ ಭರದಲ್ಲಿ ಓಡಿಹೋದರೆ ಇವರೂ ಹಿಂತಿರುಗುತ್ತಿದ್ದರು. ಯಾರೂ ಗದರಿಸುತ್ತಿರಲಿಲ್ಲ, ಯಾರೂ ಅಳುತ್ತಲೂ ಇರಲಿಲ್ಲ. ಯಾವ ಕೇರಿಯ ಮಗು ಎಲ್ಲಿ ನಿಲ್ಲಬೇಕೆಂಬುದು ಮನೆಯಲ್ಲೇ ಕಲಿತು ಬಂದ ಪಾಠ. ಅದನ್ನು ಶಾಲೆ ದಿನವೂ ಅಭ್ಯಾಸ ಮಾಡಿಸುತ್ತಿತ್ತು.

ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ಬರೆದ ಪುಟಗಳನ್ನು ನಾನು ಓದಿದ್ದು ಆ ಊರಿಗೆ ಹೋದ ಮೇಲೆ. ಸಾತಾರೆಯ ಶಾಲೆಯಲ್ಲಿ ಅವರು ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಮೇಷ್ಟ್ರ ಅಪ್ಪಣೆ ಪಡೆದು, ಜವಾನ ಬಂದು ನಲ್ಲಿ ತಿರುಗಿಸಿದರೆ ಬಾಯಾರಿಕೆ ತೀರಿತು. ಜವಾನ ಇಲ್ಲದ ದಿನ ನೀರೂ ಇಲ್ಲ. ತಂದೆಯನ್ನು ನೋಡಲು ಅಣ್ಣನೊಂದಿಗೆ ಕೋರೆಗಾಂವಕ್ಕೆ ಹೊರಟ ಹುಡುಗ ದಾರಿಯುದ್ದಕ್ಕೂ ಬುತ್ತಿ ಕೈಯಲ್ಲಿದ್ದೂ ನೀರು ಸಿಗದೆ ಹಸಿದು ಮಲಗಿದ್ದನ್ನೂ ಅವರು ಬರೆದಿದ್ದಾರೆ. ಮುಂದೆ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಿಂದ ನೀರು ಕುಡಿದು ಅವರು ನಡೆಸಿದ ಸತ್ಯಾಗ್ರಹವನ್ನು ನಾವು ಸಮಾಜ ವಿಜ್ಞಾನದಲ್ಲಿ ಇಸವಿ ಸಮೇತ ಬಾಯಿಪಾಠ ಮಾಡಿಸುತ್ತಿದ್ದೆವು. ಪಾಠ ಕೇಳಿದ ಮಕ್ಕಳು ಬಿಡುವಿನಲ್ಲಿ ಹೊರಗೆ ಬಂದು ಹರವಿಯಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು.

ಇದನ್ನು ಭಾಷಣದಿಂದ ಸರಿಮಾಡಲು ಹೊರಟಿದ್ದರೆ ಊರಲ್ಲಿ ಗುಲ್ಲಾಗುತ್ತಿತ್ತು. ಕೆಲಸ ಮಾಡಿದ್ದು ಒಂದು ನಲ್ಲಿ. ಪೇಟೆಯಿಂದ ಹಳೆಯ ಪ್ಲಾಸ್ಟಿಕ್ ಡ್ರಮ್ ತಂದು, ಕೆಳಗೆ ರಂಧ್ರ ಕೊರೆಸಿ ನಲ್ಲಿ ಕೂರಿಸಿ, ಕಲ್ಲಿನ ಕಟ್ಟೆಯ ಮೇಲಿಟ್ಟೆವು. ಈಗ ಒಳಗೆ ಕೈ ಅದ್ದುವ ಮಾತೇ ಇಲ್ಲ, ಸುರಿಯುವವರ ಹಂಗೂ ಇಲ್ಲ. ತಿರುಗಿಸಿದರೆ ನೀರು ಬರುತ್ತದೆ, ಯಾರ ಬೊಗಸೆಯಾದರೂ ಸರಿ. ನಾವು ಹೇಳಿದ ಕಾರಣ ಸ್ವಚ್ಛತೆ: ಕೊಳಕು ಕೈ ಅದ್ದಿದರೆ ಭೇದಿ ಬರುತ್ತದೆ. ಅದು ಸುಳ್ಳೂ ಆಗಿರಲಿಲ್ಲ. ಒಬ್ಬಿಬ್ಬರು ಹಿರಿಯರು ಗೊಣಗಿದರು. ‘ಹರವಿ ನೀರಿನ ರುಚಿ ಇದಕ್ಕೆಲ್ಲಿ ಬರಬೇಕ್ರೀ’ ಎಂದರು. ರುಚಿಯ ಮಾತು ನಿಜವೇ. ಪ್ಲಾಸ್ಟಿಕ್ಕಿನ ನೀರು ಮಾರ್ಚಿಯಲ್ಲಿ ಬೆಚ್ಚಗಾಗಿ ಬಾಯಿಗೆ ಹಿಡಿಸುತ್ತಿರಲಿಲ್ಲ. ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತುವ ಉಪಾಯ ಕಂಡುಹಿಡಿದವನು ಆರನೇ ತರಗತಿಯ ಒಬ್ಬ ಕುರಿಗಾಹಿಯ ಮಗ. ಮುಂದೆ ನಲ್ಲಿ ಇರುವ ಮಣ್ಣಿನ ಗಡಿಗೆಗಳು ಸಂತೆಗೆ ಬಂದಾಗ ಡ್ರಮ್ಮನ್ನು ಬಚ್ಚಲಿಗೆ ಕಳಿಸಿದೆವು.

ಡ್ರಮ್ ಬಂದಮೇಲೆ ಹುಡುಗರು ಕುಡಿದರು. ಹುಡುಗಿಯರು, ಅದರಲ್ಲೂ ಐದನೇ ತರಗತಿ ದಾಟಿದವರು, ಆಗಲೂ ಕುಡಿಯಲಿಲ್ಲ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು, ಒಳಗೆ ಇಳಿಸುತ್ತಿರಲಿಲ್ಲ. ಮಧ್ಯಾಹ್ನದ ಮೊದಲ ಪಿರಿಯಡ್ಡಿನಲ್ಲಿ ಯಾರಿಗಾದರೂ ತಲೆನೋವು ಇದ್ದೇ ಇರುತ್ತಿತ್ತು. ಹಣೆಗೆ ಕೈ ಹಚ್ಚಿ ಬೆಂಚಿನ ಮೇಲೆ ಒರಗುತ್ತಿದ್ದರು. ಹೊಟ್ಟೆನೋವು, ಮಲಬದ್ಧತೆ, ಉರಿಮೂತ್ರ ಎಲ್ಲವೂ ಆ ವಯಸ್ಸಿಗೆ ಸಹಜವೆಂಬಂತೆ ಮನೆಯವರು ಜೀರಿಗೆ ನೀರಿನಲ್ಲೋ ಹರಳೆಣ್ಣೆಯಲ್ಲೋ ಮುಗಿಸುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಪಾಸಣೆಗೆ ಬಂದ ವೈದ್ಯೆ ಕಣ್ಣಿನ ರೆಪ್ಪೆ ಎಳೆದು ರಕ್ತಹೀನತೆ ನೋಡುತ್ತ, ನಡುವೆ ಒಂದು ಪ್ರಶ್ನೆ ಕೇಳುತ್ತಿದ್ದರು: ‘ಒಂದಕ್ಕೆ ಹೋದಾಗ ಯಾವ ಬಣ್ಣ?’ ಹುಡುಗಿಯರು ನಾಚಿ ತಲೆತಗ್ಗಿಸುತ್ತಿದ್ದರು. ಆಮೇಲೆ ಒಬ್ಬಳು ಧೈರ್ಯ ಮಾಡಿ ‘ಅರಿಶಿಣ ನೀರು ಇದ್ದಂಗ್ರಿ’ ಎಂದಳು. ತಿಳಿಯಾಗಿದ್ದರೆ ಸಾಕಷ್ಟು ಕುಡಿದಿದ್ದೀರಿ, ಗಾಢ ಹಳದಿಯಾದರೆ ಮೈ ನೀರು ಕೇಳುತ್ತಿದೆ. ಯಂತ್ರವಿಲ್ಲದೆ, ಖರ್ಚಿಲ್ಲದೆ ಮಗುವೇ ಮಾಡಿಕೊಳ್ಳಬಹುದಾದ ಪರೀಕ್ಷೆ ಇದೆಂದು ಆ ವೈದ್ಯೆ ನನಗೆ ಕಲಿಸಿದರು.

ಕಾರಣವನ್ನು ಬಾಯಿಬಿಟ್ಟು ಹೇಳಿದವಳು ಏಳನೇ ತರಗತಿಯವಳು. ಯಾಕೆ ಕುಡಿಯಲ್ಲ ಎಂದು ಕೇಳಿದ್ದಕ್ಕೆ, ಇಷ್ಟು ಸುಲಭದ ಪ್ರಶ್ನೆಯನ್ನು ಟೀಚರ್ ಆದವರು ಕೇಳುತ್ತಾರಲ್ಲ ಎಂಬ ಮುಖ ಮಾಡಿ, ‘ಕುಡುದ್ರ ಒಂದಕ್ಕ ಬರ್ತೈತಲ್ರೀ’ ಎಂದಳು.

ನನಗೆ ಮತ್ತೇನೂ ಕೇಳಬೇಕಾಗಲಿಲ್ಲ. ಏಕೆಂದರೆ ನಾವು ಶಿಕ್ಷಕಿಯರೂ ಮಾಡುತ್ತಿದ್ದದ್ದು ಅದನ್ನೇ. ಕುಷ್ಟಗಿಯಿಂದ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅರ್ಧ ಲೋಟ ಚಹಾ. ಆಮೇಲೆ ಸಂಜೆ ಮನೆ ಸೇರುವವರೆಗೆ ಗಂಟಲು ಒದ್ದೆಯಾಗುವಷ್ಟು ಮಾತ್ರ. ಹಳ್ಳಿಯಲ್ಲಿ ಕೆಲಸ ಮಾಡಿದ ನನ್ನ ವಾರಿಗೆಯ ಶಿಕ್ಷಕಿಯರನ್ನು, ನರ್ಸಮ್ಮಂದಿರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿ ನೋಡಿ. ಮೂತ್ರನಾಳದ ಸೋಂಕಿಗೆ ಮಾತ್ರೆ ನುಂಗದವರು ಸಿಗುವುದು ಕಷ್ಟ. ಇದನ್ನು ನಾವು ಸಿಬ್ಬಂದಿ ಕೋಣೆಯಲ್ಲಿ ಪಿಸುಮಾತಿನಲ್ಲಿ ಹಂಚಿಕೊಳ್ಳುತ್ತಿದ್ದೆವು. ಮುಖ್ಯ ಗುರುಗಳ ಸಭೆಯಲ್ಲಿ ಎಂದೂ ಎತ್ತಿದವರಲ್ಲ.

ಶಾಲೆಗೆ ಶೌಚಾಲಯ ಇರಲಿಲ್ಲವೆಂದಲ್ಲ. ಯಾವುದೋ ಅನುದಾನದಲ್ಲಿ ಕಟ್ಟಿದ ಎರಡು ಕೋಣೆಗಳಿದ್ದವು. ಒಂದಕ್ಕೆ ಬೀಗ, ಅದು ‘ಸ್ಟಾಫಿಗೆ’ ಎಂದು ಗಂಡು ಮೇಷ್ಟ್ರುಗಳ ವಶದಲ್ಲಿತ್ತು. ಇನ್ನೊಂದರ ಬಾಗಿಲು ಕಿತ್ತುಹೋಗಿ ಒಳಗೆ ಹಳೆಯ ಡೆಸ್ಕುಗಳನ್ನು ಪೇರಿಸಿದ್ದರು. ಎರಡಕ್ಕೂ ನೀರಿನ ಸಂಪರ್ಕ ಇರಲಿಲ್ಲ. ಹುಡುಗರು ಕಾಂಪೌಂಡಿನ ಗೋಡೆಗೆ ಹೋಗುತ್ತಿದ್ದರು. ಹುಡುಗಿಯರು ನಾಲ್ಕೈದು ಜನ ಕೂಡಿ ಜಾಲಿಗಿಡಗಳ ಹಿಂದೆ ಹೋಗಬೇಕು, ಒಬ್ಬಳು ಕಾವಲು ನಿಲ್ಲಬೇಕು. ಹೊಲಕ್ಕೆ ಹೋಗುವ ಗಂಡಸರು ಎದುರಾದರೆ ಹಾಗೇ ವಾಪಸು. ಮುಟ್ಟಿನ ದಿನಗಳಲ್ಲಂತೂ ಶಾಲೆಗೇ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತಿಂಗಳಿಗೆ ಮೂರು ದಿನ ತಪ್ಪುತ್ತಿದ್ದ ಹೆಸರುಗಳನ್ನು ನೋಡಿದರೆ ತಿಳಿಯುತ್ತಿತ್ತು.

ಇಷ್ಟೆಲ್ಲ ದಾಟಿ ಹೋಗಬೇಕೆಂದರೂ ಮೊದಲು ತರಗತಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, ಕಿರುಬೆರಳೆತ್ತಿ, ‘ಒಂದಕ್ಕ ಹೋಗ್ಲೇನ್ರೀ ಟೀಚರ್?’ ಎಂದು ಅಪ್ಪಣೆ ಕೇಳಬೇಕು. ‘ಈಗಷ್ಟೇ ಬಿಡುವಿತ್ತಲ್ಲ, ಆಗೇನು ಮಾಡ್ತಿದ್ದಿ?’ ಎಂಬುದು ನಮ್ಮ ಎಲ್ಲ ಶಾಲೆಗಳ ಸಿದ್ಧ ಉತ್ತರ. ಹುಡುಗರು ನಗುತ್ತಾರೆ. ಹನ್ನೆರಡು ವರ್ಷದ ಹುಡುಗಿ ಈ ಸಂಕಟಕ್ಕೆ ಕಂಡುಕೊಂಡ ಪರಿಹಾರ ಬಹಳ ತರ್ಕಬದ್ಧ: ಕುಡಿಯದಿದ್ದರೆ ಆಯಿತು.

ಶೌಚಾಲಯದ ಬೀಗ ತೆಗೆಸಿದ್ದು ಯಾವ ಸುತ್ತೋಲೆಯೂ ಅಲ್ಲ, ಬಿಸಿಯೂಟ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು; ಮರುವರ್ಷ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಕಾಲಿಟ್ಟದ್ದು ನಮ್ಮ ಈಶಾನ್ಯದ ಜಿಲ್ಲೆಗಳಿಗೆ. ಅನ್ನ ಬೇಯಿಸಬೇಕೆಂದರೆ ನೀರು ಬೇಕು. ಅಲ್ಲಿಯವರೆಗೆ ಮಕ್ಕಳ ಬಾಯಾರಿಕೆಗೆ ಕೊಳವೆ ಎಳೆಯದ ಪಂಚಾಯಿತಿ ಅಕ್ಕಿ ತೊಳೆಯಲು ಎಳೆಯಿತು. ಅಂಗಳದಲ್ಲಿ ಸಿಮೆಂಟಿನ ತೊಟ್ಟಿ, ಅದಕ್ಕೆ ಸಾಲು ನಲ್ಲಿಗಳು. ಜೊತೆಗೆ ಅಡುಗೆಯ ಅಕ್ಕಂದಿರು ಬಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ಬೇಯುವ ಅವರಿಗೂ ಶೌಚಾಲಯ ಬೇಕಿತ್ತು, ಮತ್ತು ನಮ್ಮ ಹಾಗೆ ನಾಚಿಕೊಂಡು ಕೂರುವ ಪೈಕಿ ಅವರಾಗಿರಲಿಲ್ಲ. ಸಮಿತಿಯ ಸಭೆಯಲ್ಲಿ ಅವರಲ್ಲೊಬ್ಬಾಕೆ ಎದ್ದು, ‘ಕೀಲಿ ಯಾರ ಕಿಸೆದಾಗ ಐತಿ ಹೇಳ್ರಿ, ನಾ ಹೋಗಿ ತಗೊಂಬರ್ತೀನಿ’ ಎಂದಾಗ ಗಂಡಸರು ನೆಲ ನೋಡಿದರು. ಹಾಳು ಡೆಸ್ಕುಗಳು ಹೊರಗೆ ಬಂದವು. ತಟ್ಟೆ ತೊಳೆದ ನೀರು ಹರಿದುಹೋಗದಂತೆ ಹೊಂಡಕ್ಕೆ ತಿರುಗಿಸಿ, ಆ ನೀರನ್ನೇ ಬಕೆಟ್ಟಿನಲ್ಲಿ ಶೌಚಾಲಯಕ್ಕೆ ಒಯ್ಯುವ ಏರ್ಪಾಟಾಯಿತು. ಬಾಗಿಲಿಗೆ ಒಳಚಿಲಕ ಹಾಕಿಸಿದೆವು. ಚಿಲಕಕ್ಕೆ ಕೊಟ್ಟ ದುಡ್ಡು ಅಲ್ಪ; ಅದು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಕಾನೂನು ಹಿಂದಿನಿಂದ ಬಂತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಎಲ್ಲ ಮಕ್ಕಳಿಗೆ ಸಾಕಾಗುವಷ್ಟು ಸುರಕ್ಷಿತ ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಬೇಕೆಂದಿತು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳ ಗಡುವು ಕೊಟ್ಟು ಎಲ್ಲ ರಾಜ್ಯಗಳಿಗೂ ಅದನ್ನೇ ಆದೇಶಿಸಿತು. 2014ರ ಸ್ವಾತಂತ್ರ್ಯ ದಿನ ಕೆಂಪುಕೋಟೆಯ ಭಾಷಣದಲ್ಲೂ ಹೆಣ್ಣುಮಕ್ಕಳ ಶೌಚಾಲಯದ ಮಾತು ಬಂತು. ಇವೆಲ್ಲದರಿಂದ ಕಟ್ಟಡಗಳು ಎದ್ದವು ನಿಜ. ನೀರೂ ಶೌಚಾಲಯವೂ ಕಾಯ್ದೆಯಲ್ಲಿ ಅಕ್ಕಪಕ್ಕದ ಸಾಲಿನಲ್ಲಿ ಕೂತದ್ದು ನನಗೆ ಬಹಳ ಸರಿಯೆನಿಸಿತು. ಆಡಳಿತದಲ್ಲಿ ಮಾತ್ರ ಅವು ಬೇರೆ ಬೇರೆ ಕಡತ, ಬೇರೆ ಬೇರೆ ಅನುದಾನ. ಮಗುವಿನ ಮೈಯಲ್ಲಿ ಅವು ಒಂದೇ.

ಆಮೇಲೆ ಬಂದ ಪ್ರಶ್ನೆ ಇನ್ನೂ ಕಠಿಣ. ಕುಡಿ ಎಂದು ಹೇಳುವ ನೀರು ಎಂಥದ್ದು?

ನಮ್ಮ ಕಡೆಯದು ಗ್ರಾನೈಟಿನ ನೆಲ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಬೋರು ಆಳಕ್ಕೆ ಇಳಿದಷ್ಟೂ ಅಂಥ ಹಳೆಯ ನೀರೇ ಮೇಲೆ ಬರುತ್ತದೆ. ಕುಷ್ಟಗಿ ಮಾತ್ರವಲ್ಲ, ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರ ಎಲ್ಲೆಲ್ಲೂ ಇದೇ ಕಥೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನಮ್ಮ ಶಾಲೆಯ ಹತ್ತಿರದ ಬೋರಿಂಗಿನ ನೀರು ಆ ಗೆರೆ ದಾಟಿತ್ತು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ‘ಕಾಸಿ ಕುಡಿಯಿರಿ’ ಎಂಬ ನಮ್ಮ ಸಾರ್ವತ್ರಿಕ ಉಪದೇಶ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಗುರುತು ಮಕ್ಕಳ ಹಲ್ಲಿನಲ್ಲಿತ್ತು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇಂಥ ನೀರು ಕುಡಿದವರಿಗೆ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗುಂಪು ಫೋಟೊ ತೆಗೆಯುವವನು ‘ನಗ್ರಿ, ನಗ್ರಿ’ ಎಂದಾಗ ನಮ್ಮ ಮಕ್ಕಳು ತುಟಿ ಬಿಗಿಹಿಡಿಯುತ್ತಿದ್ದರು. ಊರಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡು ನಡೆಯುವ ನಡುವಯಸ್ಸಿನವರು ಬಹಳ. ಹಲ್ಲಿನ ಪಟ್ಟೆ ನೋಟಕ್ಕೆ ಮಾತ್ರ. ಫ್ಲೋರೈಡ್ ಎಲುಬಿಗೆ ಇಳಿದರೆ ಬಾಳೇ ಬಾಗುತ್ತದೆ. ಇಂಥ ಊರಿನಲ್ಲಿ ನಿಂತು ‘ಮಕ್ಕಳೇ, ಹೆಚ್ಚು ನೀರು ಕುಡಿಯಿರಿ’ ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಕುಡಿಯದಿದ್ದರೆ ಇವತ್ತಿನ ತಲೆನೋವು, ಕುಡಿದರೆ ನಾಳಿನ ಮೊಣಕಾಲು.

ಪರೀಕ್ಷೆಯ ವರದಿ ಬಂದ ಮೇಲೆ ಪಂಪಿನ ಮೇಲೆ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂದು ಬರೆಸಿದರು. ಎಲ್ಲಿಯದು ಯೋಗ್ಯ ಎಂದು ಬರೆಸಲಿಲ್ಲ. ಊರಾಚೆ ಒಂದು ಹಳೆಯ ತೆರೆದ ಬಾವಿಯಿತ್ತು, ಮಳೆಯ ನೀರು ಇಂಗುವಂಥದ್ದು. ಅದರಲ್ಲಿ ಫ್ಲೋರೈಡ್ ಮಿತಿಯೊಳಗಿತ್ತು. ಕುಡಿಯಲು ಬಾವಿಯದು, ತಟ್ಟೆ ತೊಳೆಯಲು ಬೋರಿನದು ಎಂದು ಗಡಿಗೆಗಳನ್ನು ಬೇರೆ ಮಾಡಿ, ಬಾವಿಯ ನೀರಿಗೆ ಔಷಧಿ ಹಾಕಿ ಬಳಸಿದೆವು. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಮತ್ತೆ ಬೋರೇ ಗತಿ. ಬಿಸಿಯೂಟದ ಬೇಳೆ, ನುಗ್ಗೆಸೊಪ್ಪು, ನಿಂಬೆಹಣ್ಣು ಇವುಗಳ ಬಗ್ಗೆ ನಾನು ಹಟ ಹಿಡಿದದ್ದೂ ಇದೇ ಕಾರಣಕ್ಕೆ. ಸುಣ್ಣಾಂಶ ಮತ್ತು ಸಿ ಜೀವಸತ್ವ ಸಾಕಷ್ಟಿರುವ ಮೈ ಫ್ಲೋರೈಡಿನ ಪೆಟ್ಟನ್ನು ಸ್ವಲ್ಪವಾದರೂ ತಡೆಯುತ್ತದೆ ಎಂದು ವೈದ್ಯೆ ಹೇಳಿದ್ದರು.

ಎರಡು ಸಾವಿರದ ಹತ್ತರ ದಶಕದಲ್ಲಿ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಎರಡು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ಮುಂದೆ ಐದು ರೂಪಾಯಿಯಾಯಿತು. ‘ಫಿಲ್ಟರ್ ನೀರು’ ಎಂಬ ಹೊಸ ಅಂತಸ್ತು ಹುಟ್ಟಿತು. ಫಿಲ್ಟರ್ ನೀರಿನ ಬಾಟಲಿ ತರುವ ಮಕ್ಕಳು, ತರದ ಮಕ್ಕಳು ಎಂದು ತರಗತಿಯಲ್ಲಿ ಮತ್ತೆ ಎರಡು ಪಂಗಡ. ಹರವಿಯ ದಿನಗಳು ನೆನಪಾಗಿ ಶಾಲೆಗೇ ಕ್ಯಾನು ತರಿಸುವಂತೆ ಸಮಿತಿಗೆ ಹೇಳಿ, ಎಲ್ಲರಿಗೂ ಒಂದೇ ನಲ್ಲಿ ಮಾಡಿದೆವು. ಕೊಳವೆಯಲ್ಲಿ ಕೃಷ್ಣೆಯ ನೀರು ಬರುತ್ತದೆಂಬ ಸುದ್ದಿ ನಾನಿದ್ದಷ್ಟೂ ಕಾಲ ಇತ್ತು. ಕಡೆಗೆ ಬಂತು, ಬಂದಂತೆ ನಿಂತಿತು, ಮತ್ತೆ ಬಂತು.

ನೀರು ಇದೆ, ಹೋಗಲು ಜಾಗವಿದೆ, ಆದರೂ ಮಕ್ಕಳು ಮರೆಯುತ್ತಾರೆ ಎಂಬ ಕೊನೆಯ ಹಂತಕ್ಕೆ ಬರಲು ನಮಗೆ ಇಷ್ಟು ವರ್ಷ ಬೇಕಾಯಿತು. ನೀರು ಕುಡಿಯಲು ‘ಪ್ರೋತ್ಸಾಹ’ ಕೊಡುವ ಕೆಲಸ ಶುರುವಾಗುವುದು ಇಲ್ಲಿ.

ಅದರ ಗುಟ್ಟು ನನಗೆ ಸಿಕ್ಕಿದ್ದು ಹಾಲಿನಿಂದ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದಾಗ, ಹದಿನೆಂಟು ಗ್ರಾಂ ಪುಡಿಯಿಂದ ಕಲಸಿದ 150 ಮಿಲಿಲೀಟರ್ ಹಾಲು ಪ್ರತಿ ಮಗುವಿಗೆ. ಮೊದಮೊದಲು ಪುಡಿಯ ವಾಸನೆ ಎಂದು ಮೂಗು ಮುರಿದವರೂ ಸಾಲಿನಲ್ಲಿ ಕೂತ ಮೇಲೆ ಕುಡಿದರು. ಯಾಕೆಂದರೆ ಎಲ್ಲರೂ ಕುಡಿಯುತ್ತಿದ್ದರು, ಒಂದೇ ಹೊತ್ತಿಗೆ, ಕೂತು, ಅವಸರವಿಲ್ಲದೆ. ಯಾರೂ ಅಪ್ಪಣೆ ಕೇಳಬೇಕಿರಲಿಲ್ಲ. ನೀರಿಗೆ ಮಾತ್ರ ನಾವು ಆಟದ ಬಿಡುವಿನ ಐದು ನಿಮಿಷ ಕೊಟ್ಟಿದ್ದೆವು. ಚಿನ್ನಿದಾಂಡು ಬಿಟ್ಟು ಯಾವ ಹುಡುಗ ನಲ್ಲಿಯ ಮುಂದೆ ಸಾಲು ನಿಲ್ಲುತ್ತಾನೆ? ಹಾಲಿನ ಕ್ರಮವನ್ನೇ ನೀರಿಗೂ ತಂದೆವು. ಪ್ರಾರ್ಥನೆ ಮುಗಿದು ಒಳಗೆ ಬಂದ ಕೂಡಲೆ ಎಲ್ಲರೂ ಒಂದು ಲೋಟ, ಹಾಜರಿ ಕೂಗುವಾಗಲೇ. ಮಧ್ಯಾಹ್ನದ ಮೊದಲ ಪಿರಿಯಡ್ಡಿನ ಮಧ್ಯೆ ಇನ್ನೊಂದು. ಶಿಕ್ಷಕರೂ ಮಕ್ಕಳ ಎದುರಿಗೇ ಕುಡಿಯಬೇಕು. ಈ ಕೊನೆಯ ನಿಯಮಕ್ಕೆ ನಮ್ಮ ಸಿಬ್ಬಂದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು, ಎಲ್ಲಕ್ಕಿಂತ ಹೆಚ್ಚು ಲಾಭವೂ ಅದರಿಂದಲೇ ಆಯಿತು. ಮಕ್ಕಳು ನಮ್ಮ ಮಾತನ್ನು ಅರ್ಧ ಕೇಳುತ್ತಾರೆ. ನಾವು ಮಾಡುವುದನ್ನು ಪೂರ್ತಿ ನೋಡುತ್ತಾರೆ.

ನಲಿ-ಕಲಿ ತರಗತಿಗಳನ್ನು ನೋಡಿ ಕಲಿತದ್ದು ಮತ್ತೊಂದು. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ ಆಮೇಲೆ ನಾಡಿನ ಸರ್ಕಾರಿ ಶಾಲೆಗಳಿಗೆ ಬಂದ ಆ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ತಟ್ಟೆಯಿಂದ ಕಾರ್ಡು ತರಲು ತಾವೇ ಏಳುತ್ತಾರೆ. ಏಳುವ ಸ್ವಾತಂತ್ರ್ಯ ಇದ್ದ ಮಗು ದಾರಿಯಲ್ಲಿ ಗಡಿಗೆ ಕಂಡರೆ ನೀರನ್ನೂ ಕುಡಿಯುತ್ತದೆ. ಅದೇ ಮಗು ನಾಲ್ಕನೇ ತರಗತಿಯ ಬೆಂಚಿಗೆ ಬಂದ ಜೂನ್ ತಿಂಗಳಿನಿಂದ ಕುಡಿಯುವುದನ್ನು ನಿಲ್ಲಿಸುತ್ತದೆ. ಹೀಗಾಗಿ ಗಡಿಗೆಯನ್ನು ವರಾಂಡದಿಂದ ಪ್ರತಿ ಕೋಣೆಯೊಳಗೆ ತಂದೆವು. ನೀರಿಗೂ ಒಂದಕ್ಕೂ ಅಪ್ಪಣೆ ಕೇಳಬೇಕಿಲ್ಲ, ಬಾಗಿಲ ಬಳಿ ಮೊಳೆಗೆ ನೇತುಹಾಕಿದ ಹಲಗೆಯನ್ನು ಕೈಗೆ ತಗೊಂಡು ಹೋಗಿ ಬಂದು ಮತ್ತೆ ತೂಗುಹಾಕಿದರೆ ಸಾಕು ಎಂದೆವು. ಪಾಠ ಕೆಡುತ್ತದೆ, ಎಲ್ಲರೂ ಎದ್ದೆದ್ದು ಹೋಗುತ್ತಾರೆ ಎಂದು ಹೆದರಿಸಿದವರಿದ್ದರು. ಶುರುವಿನಲ್ಲಿ ಹಲಗೆಗೆ ಪುರುಸೊತ್ತೇ ಇರಲಿಲ್ಲ. ಹೊಸತು ಹಳತಾದ ಮೇಲೆ ಬೇಕಾದವರು ಮಾತ್ರ ಹೋದರು.

ಶಾಲಾ ಸಂಸತ್ತಿನಲ್ಲಿ ನೀರಿನ ಮಂತ್ರಿಯ ಹುದ್ದೆ ಹುಟ್ಟಿದ್ದೂ ಆಗಲೇ. ಗಡಿಗೆ ತೊಳೆಸುವುದು, ಲೋಟ ಎಣಿಸುವುದು, ಶೌಚಾಲಯದ ಬಕೆಟ್ ತುಂಬಿದೆಯೇ ನೋಡುವುದು ಮಂತ್ರಿಯ ಹೊಣೆ. ಹುಡುಗರನ್ನೇ ಹೆಚ್ಚಾಗಿ ಮಂತ್ರಿ ಮಾಡುತ್ತಿದ್ದೆ. ನೀರು ಹೊರುವುದು ಹೆಣ್ಣಿನ ಕೆಲಸವೆಂದು ಮನೆ ಕಲಿಸಿದ್ದನ್ನು ಶಾಲೆ ಯಾಕೆ ಮುಂದುವರಿಸಬೇಕು?

2019ರ ನವೆಂಬರಿನಲ್ಲಿ ಕೇರಳದ ಶಾಲೆಗಳ ‘ವಾಟರ್ ಬೆಲ್’ ಸುದ್ದಿಯಾಯಿತು. ದಿನಕ್ಕೆ ಎರಡು ಮೂರು ಸಲ ಗಂಟೆ ಹೊಡೆದಾಗ ಮಕ್ಕಳು ಬಾಟಲಿ ತೆಗೆದು ಕುಡಿಯುವ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಆಗ ನಮ್ಮ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಅದನ್ನು ಮೆಚ್ಚಿ ಕರ್ನಾಟಕದಲ್ಲೂ ತರಲು ಮುಂದಾದರು. ನಮ್ಮಲ್ಲಿ ಗಂಟೆಯೆಂದರೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದಕ್ಕೆ ನೀರಿನ ಹೊಡೆತ ಬೇರೆ ಇರಲಿ ಎಂದು ಮಕ್ಕಳೇ ತಾಳ ಗೊತ್ತುಮಾಡಿದರು. ಒಳ್ಳೆಯ ಯೋಜನೆ, ಸಂತೋಷಪಟ್ಟೆ. ನಾವು ನಡೆಸಿಕೊಂಡು ಬಂದದ್ದಕ್ಕೆ ಒಂದು ಹೆಸರು ಸಿಕ್ಕಿತು. ಆದರೆ ಸುತ್ತಲಿನ ಶಾಲೆಗಳಲ್ಲಿ ಗಂಟೆ ಹೊಡೆದಾಗ ಬಾಟಲಿ ಎತ್ತಿ ತುಟಿಗೆ ತಾಗಿಸಿ ಇಡುತ್ತಿದ್ದ ದೊಡ್ಡ ಹುಡುಗಿಯರನ್ನೂ ಕಂಡೆ. ಆ ಶಾಲೆಗಳಲ್ಲಿ ಶೌಚಾಲಯ ಹೇಗಿದೆ ಎಂದು ಕೇಳದೆಯೇ ಗೊತ್ತಾಗುತ್ತಿತ್ತು.

ಮರುವರ್ಷ ಮಾರ್ಚಿಯಲ್ಲಿ ಕೋವಿಡ್ ಬಂದು ಶಾಲೆಗಳೇ ಮುಚ್ಚಿದವು. ಒಂದರಿಂದ ಐದನೇ ತರಗತಿಯ ಮಕ್ಕಳು ತಿರುಗಿ ಬಂದದ್ದು 2021ರ ಅಕ್ಟೋಬರ್ 25ಕ್ಕೆ. ಬರುವಾಗ ಪ್ರತಿಯೊಬ್ಬರ ಕೈಯಲ್ಲೂ ಬಾಟಲಿ. ತಂಪು ಪಾನೀಯದ ಖಾಲಿ ಬಾಟಲಿಯಿಂದ ಹಿಡಿದು ಕಾರ್ಟೂನು ಚಿತ್ರದ ಹೊಸ ಬಾಟಲಿಯವರೆಗೆ. ಹಂಚಿಕೊಳ್ಳಬಾರದೆಂಬ ನಿಯಮದಿಂದ ಲೋಟಗಳು ಕಪಾಟು ಸೇರಿದವು. ಬಾಟಲಿಯಿಂದ ಒಂದು ಉಪಕಾರವಾಯಿತು: ನೀರು ಮಗುವಿನ ಕೈಗೆಟುಕುವಲ್ಲಿ ಬಂತು, ಎಷ್ಟು ಇಳಿಯಿತೆಂದು ಕಣ್ಣಿಗೂ ಕಾಣುವಂತಾಯಿತು. ಸಂಜೆ ತುಂಬಿದ ಬಾಟಲಿ ಹಾಗೇ ಮನೆಗೆ ಹೋದರೆ ತಾಯಂದಿರು ಕೇಳಲು ಶುರುಮಾಡಿದರು.

ಎಷ್ಟು ಕುಡಿಯಬೇಕು ಎಂದು ಪೋಷಕರ ಸಭೆಯಲ್ಲಿ ಕೇಳುವವರಿಗೆ ಒಂದು ಲೆಕ್ಕ ಹೇಳುತ್ತಿದ್ದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಅಳತೆಯಂತೆ, ಊಟದಲ್ಲಿ ಸೇರುವುದೂ ಸೇರಿ, ನಾಲ್ಕರಿಂದ ಎಂಟು ವರ್ಷದವರಿಗೆ ದಿನಕ್ಕೆ 1.6 ಲೀಟರ್; ಒಂಬತ್ತರಿಂದ ಹದಿಮೂರರ ಹುಡುಗಿಯರಿಗೆ 1.9, ಹುಡುಗರಿಗೆ 2.1. ಅದು ಹದವಾದ ಹವೆಯವರ ಲೆಕ್ಕ. 40 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಬಯಲಲ್ಲಿ ಕಬಡ್ಡಿ ಆಡುವ ಮಗುವಿಗೆ ಇನ್ನೂ ಹೆಚ್ಚೇ ಬೇಕು. ದಿನದ ಎಚ್ಚರದ ಹೊತ್ತಿನ ಅರ್ಧ ಭಾಗ ಶಾಲೆಯಲ್ಲೇ ಕಳೆಯುವ ಮಗು ಅಲ್ಲಿ ಕುಡಿಯದಿದ್ದರೆ ಬಾಕಿ ತೀರಿಸುವುದು ಯಾವಾಗ? ಅಳತೆ ನೆನಪಿಲ್ಲದಿದ್ದರೂ ಚಿಂತೆಯಿಲ್ಲ, ಬಣ್ಣ ನೋಡಲು ಹೇಳಿ ಎನ್ನುತ್ತಿದ್ದೆ. ಅರಿಶಿಣ ನೀರಾಗಬಾರದು, ಅಷ್ಟೇ.

ಈಗ ನಿವೃತ್ತಳು. ಹೊಸ ಶಿಕ್ಷಕರ ತರಬೇತಿಗೆ ಆಗೊಮ್ಮೆ ಈಗೊಮ್ಮೆ ಕರೆಯುತ್ತಾರೆ. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತುಂಬುವ ಯು-ಡೈಸ್ ನಮೂನೆಯಲ್ಲಿ ಕುಡಿಯುವ ನೀರಿದೆಯೇ, ಶೌಚಾಲಯವಿದೆಯೇ, ಬಳಕೆಯಲ್ಲಿದೆಯೇ ಎಂಬ ಕಾಲಂಗಳಿವೆ. ಎಲ್ಲಕ್ಕೂ ‘ಹೌದು’ ತುಂಬಿದ ಶಾಲೆಯಲ್ಲೂ ಮಕ್ಕಳು ದಿನವಿಡೀ ಒಣಗಿದ ಬಾಯಲ್ಲಿ ಕೂತಿರಬಹುದು. ಆದ್ದರಿಂದ ತರಬೇತಿಗೆ ಬಂದವರಿಗೆ ನಾನು ಮೂರು ಕೆಲಸ ಹೇಳಿ ಕಳಿಸುತ್ತೇನೆ. ಸೋಮವಾರ ಶಾಲೆಗೆ ಹೋದವರೇ ಗಡಿಗೆಯ ಹತ್ತಿರ ಹೋಗಬೇಡಿ, ಮೊದಲು ಹುಡುಗಿಯರ ಶೌಚಾಲಯಕ್ಕೆ ಹೋಗಿ. ಬೀಗ ಇದೆಯೇ, ಒಳಚಿಲಕ ಇದೆಯೇ, ಬಕೆಟ್ಟಿನಲ್ಲಿ ನೀರಿದೆಯೇ ನೋಡಿ. ಆಮೇಲೆ ನಿಮ್ಮ ಊರಿನ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ ಓದಿ. ಮೂರನೆಯದಾಗಿ, ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಒಂದಕ್ಕೆ ಹೋಗಲೇ ಎಂದು ಕೇಳಿದರೆ, ಮರುಪ್ರಶ್ನೆ ಹಾಕದೆ ಹೋಗು ಎನ್ನಿ. ಈ ಮೂರೂ ಆದ ಮೇಲೆ ಬೇಕಾದರೆ ಗೋಡೆಗೆ ಘೋಷವಾಕ್ಯ ಬರೆಸಿ. ಅಷ್ಟರಲ್ಲಿ ಅದರ ಅಗತ್ಯ ಹೆಚ್ಚಾಗಿ ಇರುವುದಿಲ್ಲ, ಬಣ್ಣದ ದುಡ್ಡು ಉಳಿಯುತ್ತದೆ. ಅದರಲ್ಲಿ ಇನ್ನೊಂದು ಗಡಿಗೆ ತನ್ನಿ.